ಬರೆದವರು ಯಾರು, ಬರೆಸಿದವರು ಯಾರು? ಹಸ್ತಪ್ರತಿ ಸಂಪಾದಕಿಯೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ಈ ವಾರ ನಮ್ಮ ಪ್ರಶ್ನೆಗಳಿಗೆ ಉತ್ತರಿಸುವವರು ಬಸವನಗುಡಿಯ ಮೇಡಂ. ತಾಳೆಗರಿ ಓದುವುದು, ಪಾಠಾಂತರ ಹೋಲಿಸುವುದು, ಗ್ರಂಥ ಸಂಪಾದನೆ ಕಲಿಸುವುದು, ಇದೇ ಅವರ ಜೀವಮಾನದ ಕೆಲಸ. ವಿಷಯ, ಧರ್ಮಗ್ರಂಥಗಳ ಹಿಂದಿನ ದೈವಪ್ರೇರಣೆ. ಯಾರ ನಂಬಿಕೆಯನ್ನೂ ಹೀಗಳೆಯದೆ ಕೇಳಿ.

ಪ್ರಶ್ನೆ (ವೈಟ್‌ಫೀಲ್ಡ್‌ನಿಂದ ಒಬ್ಬ ತಂದೆ): ನಮಸ್ಕಾರ ಮೇಡಂ. ಮಗಳು ಏಳನೇ ಕ್ಲಾಸು. ಕ್ಲಾಸಿನಲ್ಲಿ ಒಬ್ಬಳು ಗೆಳತಿ "ಕುರಾನ್ ಅಲ್ಲಾಹನಿಂದ ಇಳಿದದ್ದು" ಅಂದಳಂತೆ, ಇನ್ನೊಬ್ಬಳು "ಬೈಬಲ್ ದೇವರ ವಾಕ್ಯ" ಅಂದಳಂತೆ. ಮನೆಗೆ ಬಂದು ಅಜ್ಜಿಯನ್ನು ಕೇಳಿದರೆ "ವೇದಕ್ಕೆ ಬರೆದವರೇ ಇಲ್ಲ" ಅಂದರು. ಈಗ ನನ್ನನ್ನು ಹಿಡಿದುಕೊಂಡಿದ್ದಾಳೆ: ಅಪ್ಪಾ, ದೇವರು ಬರೆದಿದ್ದಾ, ಮನುಷ್ಯರು ಬರೆದಿದ್ದಾ? ಏನು ಹೇಳಲಿ?

ಉತ್ತರ: "ಎಲ್ಲಾ ಒಂದೇ ಕಣಮ್ಮ" ಅಂತ ಹೇಳಿ ಸುಮ್ಮನಾಗಿಸಬೇಡಿ. ಮೂರೂ ಮನೆಗಳಲ್ಲಿ ಹೇಳುತ್ತಿರುವುದು ಬೇರೆ ಬೇರೆ ಮಾತು. ಆ ವ್ಯತ್ಯಾಸ ತಿಳಿಯುವ ವಯಸ್ಸು ಅವಳಿಗೆ ಬಂದಿದೆ.

ಅಜ್ಜಿಯ ಮಾತಿನಿಂದಲೇ ಶುರು ಮಾಡಿ. ವೇದ ಅಪೌರುಷೇಯ, ಅಂದರೆ ಯಾವ ಪುರುಷನೂ ರಚಿಸದ್ದು, ಅಂದಾಗ ದೇವರು ಬರೆದದ್ದು ಅಂತ ಬಹಳ ಜನ ತಿಳಿದಿರುತ್ತಾರೆ. ವೇದವಾಕ್ಯಗಳ ಅರ್ಥವನ್ನೇ ವಿಚಾರಿಸುವ ಪೂರ್ವಮೀಮಾಂಸಾ ದರ್ಶನದವರು ಅಷ್ಟಕ್ಕೂ ಒಪ್ಪುವುದಿಲ್ಲ. ವೇದಕ್ಕೆ ಕರ್ತೃವೇ ಇಲ್ಲ, ಈಶ್ವರನೂ ಕರ್ತೃವಲ್ಲ, ಶಬ್ದ ನಿತ್ಯ, ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಸಾಗಿ ಬಂದಿದೆ, ಆರಂಭವೇ ಇಲ್ಲ ಅನ್ನುತ್ತಾರೆ. ತರ್ಕಕ್ಕೆ ಹೆಸರಾದ ನ್ಯಾಯದರ್ಶನದವರು ಇದಕ್ಕೆ ಅಡ್ಡ ಬಂದರು: ವಾಕ್ಯ ಇದೆ ಅಂದಮೇಲೆ ಹೇಳಿದವನೊಬ್ಬ ಇರಲೇಬೇಕು, ಅವನೇ ಈಶ್ವರ. ಉದಯನಾಚಾರ್ಯರು ಈಶ್ವರ ಇದ್ದಾನೆ ಅನ್ನುವುದಕ್ಕೆ ಕೊಟ್ಟ ಯುಕ್ತಿಗಳಲ್ಲಿ ಇದೂ ಒಂದು. ಬೃಹದಾರಣ್ಯಕ ಉಪನಿಷತ್ತು ಇನ್ನೂ ಒಂದು ರೀತಿ ಹೇಳುತ್ತದೆ: ಋಗ್ವೇದ, ಯಜುರ್ವೇದ, ಸಾಮವೇದ ಎಲ್ಲ ಆ ಮಹಾಭೂತದ, ಅಂದರೆ ಪರಬ್ರಹ್ಮದ, ನಿಃಶ್ವಾಸ. ಉಸಿರಾಡಲು ಯಾರೂ ಯೋಚಿಸಿ ಕೂರುವುದಿಲ್ಲವಲ್ಲ, ಅಷ್ಟು ಸಹಜವಾಗಿ ಹೊರಬಂದದ್ದು ಅಂತ ಅರ್ಥ ಮಾಡುತ್ತಾರೆ. ನೋಡಿ, ಅಜ್ಜಿಯ ಒಂದು ಮಾತಿನೊಳಗೇ ಮೂರು ಪಕ್ಷಗಳಿವೆ.

ಮುಸ್ಲಿಂ ಗೆಳತಿಯ ಮನೆಯಲ್ಲಿ ಮಾತು ಸ್ಪಷ್ಟ. ಕುರಾನಿನ ಪದಪದವೂ ಅಲ್ಲಾಹನದು. ದೇವದೂತ ಜಿಬ್ರೀಲ್ ತಂದರು, ಪ್ರವಾದಿ ಮುಹಮ್ಮದರು ಕೇಳಿ ಜನರಿಗೆ ತಲುಪಿಸಿದರು. ಸುಮಾರು 610ರಲ್ಲಿ ಮೆಕ್ಕಾ ಬಳಿಯ ಹಿರಾ ಗುಹೆಯಲ್ಲಿ ಶುರುವಾಗಿ 632ರಲ್ಲಿ ಅವರು ತೀರಿಕೊಳ್ಳುವವರೆಗೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಪ್ರವಾದಿಯವರ ಸ್ವಂತ ಮಾತುಗಳನ್ನು ಹದೀಸ್ ಅಂತ ಬೇರೆಯಾಗಿಯೇ ಇಟ್ಟಿದ್ದಾರೆ.

ಕ್ರೈಸ್ತರಲ್ಲಿ ದೇವರು ಮನುಷ್ಯರನ್ನು ಪ್ರೇರೇಪಿಸಿದ, ಅವರು ತಮ್ಮ ತಮ್ಮ ಭಾಷೆಯಲ್ಲಿ, ತಮ್ಮ ಬುದ್ಧಿಯಿಂದಲೇ ಬರೆದರು ಅನ್ನುವುದು ಹೆಚ್ಚಿನವರ ನಂಬಿಕೆ. ಪದಪದವನ್ನೂ ದೇವರೇ ಹೇಳಿ ಬರೆಸಿದ ಅನ್ನುವವರೂ ಇದ್ದಾರೆ. ಅಲಸೂರು ಕೆರೆ ಪಕ್ಕದ ಗುರುದ್ವಾರಕ್ಕೆ ಒಮ್ಮೆ ಮಗಳನ್ನು ಕರೆದುಕೊಂಡು ಹೋಗಿ. ಅಲ್ಲಿ ಗ್ರಂಥವೇ ಗುರು. "ಒಡೆಯನ ವಾಣಿ ನನಗೆ ಹೇಗೆ ಬರುತ್ತದೋ ಹಾಗೆ ಹೇಳುತ್ತೇನೆ" ಎಂಬ ಭಾವದ ಗುರುನಾನಕರ ಸಾಲು ಅದರಲ್ಲಿದೆ. 1604ರಲ್ಲಿ ಗುರು ಅರ್ಜನರು ಅದನ್ನು ಸಂಕಲಿಸಿದಾಗ ಕಬೀರ, ನಾಮದೇವ, ರವಿದಾಸ, ಬಾಬಾ ಫರೀದರ ವಾಣಿಯನ್ನೂ ಸೇರಿಸಿಕೊಂಡರು. ಜೈನರಿಗೆ ಸೃಷ್ಟಿಕರ್ತ ದೇವರೇ ಇಲ್ಲ. ಅವರ ಆಗಮಗಳ ಮೂಲ ಕೇವಲಜ್ಞಾನ, ಅಂದರೆ ಎಲ್ಲವನ್ನೂ ಅರಿಯುವ ಪೂರ್ಣಜ್ಞಾನ, ಪಡೆದ ತೀರ್ಥಂಕರರ ಉಪದೇಶ. ಬೌದ್ಧ ಸುತ್ತಗಳಂತೂ "ನಾನು ಹೀಗೆ ಕೇಳಿದೆ" ಅಂತ ಶುರುವಾಗುತ್ತವೆ. ಕೇಳಿದವನು ಆನಂದ, ಹೇಳಿದವನು ಬುದ್ಧ. ನಡುವೆ ದೇವರ ಮಾತೇ ಬರುವುದಿಲ್ಲ.

ಆದ್ದರಿಂದ ಮಗಳಿಗೆ ಮೊದಲು ಇದನ್ನು ಕೇಳಲು ಕಲಿಸಿ: ಈ ಮನೆಯವರು ದೈವವನ್ನು ಎಲ್ಲಿ ಕಾಣುತ್ತಾರೆ? ಪದದಲ್ಲೋ, ಕಂಡ ಋಷಿಯ ದರ್ಶನದಲ್ಲೋ, ಬರೆದವನ ಮನಸ್ಸಿನಲ್ಲೋ? ಇಷ್ಟೆಲ್ಲ ಭೇದ ಇದ್ದರೂ ಒಂದನ್ನು ನಾನು ಎಲ್ಲ ಕಡೆಯೂ ಕಂಡಿದ್ದೇನೆ. ಯಾವ ಪರಂಪರೆಯೂ ಮನುಷ್ಯನ ದುಡಿಮೆಯನ್ನು ಮುಚ್ಚಿಟ್ಟಿಲ್ಲ. ದೇವರ ಮಾತು ಅಂತ ಯಾರು ಗಟ್ಟಿಯಾಗಿ ಹೇಳಿದರೋ ಅವರೇ ಯಾರು ಕೇಳಿದರು, ಯಾರು ಬರೆದುಕೊಂಡರು, ಯಾರು ಕಾಪಾಡಿದರು ಅನ್ನುವುದನ್ನೂ ಜೋಪಾನವಾಗಿ ಹೇಳಿದ್ದಾರೆ.

ಪ್ರಶ್ನೆ (ಚಾಮರಾಜಪೇಟೆಯಿಂದ, ಪೌರೋಹಿತ್ಯ ಮಾಡುವ ಹಿರಿಯರು): ತಾಯಿ, ನೀವು ಬರೆದದ್ದು ಸರಿಯಾಗಿದೆ. ಒಂದು ಮಾತು ಮಾತ್ರ. "ಮನುಷ್ಯನ ದುಡಿಮೆ" ಅನ್ನುವುದು ವೇದಕ್ಕೆ ಹೇಗೆ ಹೊಂದುತ್ತದೆ? ಋಷಿಗಳು ಮಂತ್ರದ್ರಷ್ಟಾರರು. ಕಂಡರು, ಕಟ್ಟಲಿಲ್ಲ.

ಉತ್ತರ: ಶಾಸ್ತ್ರಿಗಳಿಗೆ ನಮಸ್ಕಾರ. ನೀವು ಹೇಳುವುದೇ ಪರಂಪರೆಯ ಮಾತು. ವೇದದ ಪದಗಳ ಅರ್ಥ ಬಿಡಿಸುವ ಯಾಸ್ಕರ ನಿರುಕ್ತದಲ್ಲಿ ಋಷಿಗಳನ್ನು "ಸಾಕ್ಷಾತ್ಕೃತಧರ್ಮಾಣಃ" ಅಂದಿದೆ. ಕಂಡವರು ಅವರು. ಹಾಗೆ ಕಾಣದೆ ಇದ್ದವರಿಗೆ ಉಪದೇಶದಿಂದ ಮಂತ್ರಗಳನ್ನು ಕೊಟ್ಟರು ಅಂತಲೂ ಅಲ್ಲೇ ಇದೆ. ವೇದದ ಒಂದು ಶಾಖೆಗೆ ಕಾಠಕ ಅನ್ನುವ ಹೆಸರು ಇದೆಯಲ್ಲ, ಹಾಗಾದರೆ ಕಠ ಬರೆದದ್ದೇ ಅಂತ ಕೇಳಿದವರಿಗೆ ಮೀಮಾಂಸಾಸೂತ್ರಗಳ ಜೈಮಿನಿಗಳು "ಆಖ್ಯಾ ಪ್ರವಚನಾತ್" ಅಂತ ಉತ್ತರ ಕೊಟ್ಟರು. ಆ ಹೆಸರು ಪಾಠ ಹೇಳಿದ್ದರಿಂದ ಬಂದದ್ದು.

ಆದರೆ ಸಂಹಿತೆಯೊಳಗಿನ ದನಿಯನ್ನೂ ಕೇಳಬೇಕಲ್ಲವೇ? ಋಗ್ವೇದದ 5ನೇ ಮಂಡಲದ 2ನೇ ಸೂಕ್ತದಲ್ಲಿ ಋಷಿ ಅಗ್ನಿಗೆ ಹೇಳುತ್ತಾನೆ: "ರಥಂ ನ ಧೀರಃ ಸ್ವಪಾ ಅತಕ್ಷಮ್". ಕುಶಲಿಯಾದ ಬಡಗಿ ರಥವನ್ನು ಕೆತ್ತಿದಂತೆ ಈ ಸ್ತೋತ್ರವನ್ನು ಕೆತ್ತಿದ್ದೇನೆ. 10ನೇ ಮಂಡಲದ 71ನೇ ಸೂಕ್ತದಲ್ಲಿ "ಸಕ್ತುಮಿವ ತಿತಉನಾ ಪುನಂತಃ", ಜರಡಿಯಲ್ಲಿ ಹಿಟ್ಟು ಜಾಲಿಸುವಂತೆ ಧೀರರು ಮನಸ್ಸಿನಲ್ಲಿ ಮಾತನ್ನು ಶುದ್ಧಿ ಮಾಡಿದರು ಅಂತಿದೆ. ಕಂಡವರೇ ಕೆತ್ತಿದೆವು, ಜಾಲಿಸಿದೆವು ಅಂತಲೂ ಹೇಳುತ್ತಾರೆ. ಕಾಣುವುದಕ್ಕೂ ಕೆತ್ತುವುದಕ್ಕೂ ಅವರಿಗೆ ವಿರೋಧ ತೋರಿರಲಿಲ್ಲ ಅಂತ ನನಗೆ ಅನಿಸುತ್ತದೆ. ನೀವು ಬೇರೆಯಾಗಿ ಅರ್ಥ ಮಾಡಬಹುದು, ಅದಕ್ಕೂ ಆಧಾರ ಇದೆ.

ಸದಸ್ಯರಿಗಾಗಿ ಒಂದು ಮಾತು. ಶಾಸ್ತ್ರಿಗಳು ದಿನಾ ಮಾಡುವ ನ್ಯಾಸವನ್ನು ಗಮನಿಸಿ. ಮಂತ್ರಕ್ಕೆ ಮೊದಲು ಋಷಿಯನ್ನು ನೆನೆದು ತಲೆ ಮುಟ್ಟುತ್ತಾರೆ, ಛಂದಸ್ಸನ್ನು ಹೇಳಿ ಬಾಯಿ ಮುಟ್ಟುತ್ತಾರೆ, ದೇವತೆಯನ್ನು ಹೇಳಿ ಎದೆ ಮುಟ್ಟುತ್ತಾರೆ. ಗಾಯತ್ರಿಗೆ ವಿಶ್ವಾಮಿತ್ರ ಋಷಿ, ಗಾಯತ್ರೀ ಛಂದಸ್ಸು, ಸವಿತೃ ದೇವತೆ. ಕರ್ತೃವೇ ಇಲ್ಲ ಅನ್ನುವ ಮಂತ್ರವನ್ನೂ ಅದನ್ನು ಕಂಡ ಮನುಷ್ಯನ ಹೆಸರು ಹೇಳದೆ ಶುರು ಮಾಡುವುದಿಲ್ಲ. ಋಗ್ವೇದದ 10 ಮಂಡಲ, 1028 ಸೂಕ್ತಗಳಿಗೂ ಹೀಗೆ ಋಷಿಗಳ ಹೆಸರಿನ ಅನುಕ್ರಮಣಿಕೆ ಉಳಿಸಿಕೊಂಡು ಬಂದಿದ್ದಾರೆ. ಪದಪಾಠ, ಕ್ರಮ, ಜಟೆ, ಘನ ಅಂತ ಒಂದೇ ಮಂತ್ರವನ್ನು ಹಿಂದೆ ಮುಂದೆ ಹೆಣೆದು ಹೇಳಿ ಒಂದು ಸ್ವರವೂ ಜಾರದಂತೆ ಕಾದಿದ್ದಾರೆ. ಇದಕ್ಕಿಂತ ದೊಡ್ಡ ದುಡಿಮೆ ಯಾವುದಿದೆ ಹೇಳಿ?

ಹಿರಿಯರು: ಒಪ್ಪಿದೆ ತಾಯಿ. ಜರಡಿಯ ಮಂತ್ರಕ್ಕೆ ಸಾಯಣರ ಭಾಷ್ಯ ತೆಗೆದು ಇನ್ನೊಮ್ಮೆ ನೋಡುತ್ತೇನೆ.

ಪ್ರಶ್ನೆ (ವಿಜಯನಗರದಿಂದ ಒಬ್ಬ ಗೃಹಿಣಿ): ಮೇಡಂ, ಈ ಕಂಡವರಲ್ಲಿ ಹೆಂಗಸರು ಇದ್ದರಾ?

ಉತ್ತರ: ಇದ್ದರು. ಲೋಪಾಮುದ್ರೆ, ಘೋಷೆ, ಅಪಾಲೆ. ನನಗೆ ಎಲ್ಲರಿಗಿಂತ ಹತ್ತಿರದವಳು ವಾಗಾಂಭೃಣಿ. 10ನೇ ಮಂಡಲದ 125ನೇ ಸೂಕ್ತ ಅವಳದು. ನವರಾತ್ರಿಯಲ್ಲಿ ದೇವೀಸೂಕ್ತ ಅಂತ ಹೇಳುತ್ತಾರಲ್ಲ, ಅದೇ. ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಅಲ್ಲಿ ಋಷಿಕೆಯೂ ಅವಳೇ, ಮಾತಾಡುತ್ತಿರುವ ದೇವತೆಯೂ ಅವಳೇ. "ಯಂ ಕಾಮಯೇ ತಂ ತಮುಗ್ರಂ ಕೃಣೋಮಿ ತಂ ಬ್ರಹ್ಮಾಣಂ ತಮೃಷಿಂ ತಂ ಸುಮೇಧಾಮ್". ನಾನು ಯಾರನ್ನು ಬಯಸುತ್ತೇನೋ ಅವನನ್ನು ಬಲಶಾಲಿಯನ್ನಾಗಿ ಮಾಡುತ್ತೇನೆ, ಬ್ರಹ್ಮನನ್ನಾಗಿ, ಋಷಿಯನ್ನಾಗಿ, ಮೇಧಾವಿಯನ್ನಾಗಿ ಮಾಡುತ್ತೇನೆ ಅನ್ನುತ್ತಾಳೆ. ದೈವಪ್ರೇರಣೆ ಅಂದರೇನು ಅಂತ ನನ್ನನ್ನು ಕೇಳಿದರೆ ಮೊದಲು ಈ ಸೂಕ್ತವನ್ನೇ ಓದಿಸುತ್ತೇನೆ. ಪ್ರೇರಣೆ ಪಡೆದವರ ಕಡೆಯಿಂದ ಎಲ್ಲರೂ ಹೇಳುತ್ತಾರೆ. ಪ್ರೇರಣೆ ಕೊಡುವವಳ ಬಾಯಿಂದಲೇ ಅದನ್ನು ಹೇಳಿಸಿದ್ದಾಳೆ ಇವಳು.

ಪ್ರಶ್ನೆ (ಶಿವಾಜಿನಗರದಿಂದ): ಮೇಡಂ, ಕುರಾನ್ ಬಗ್ಗೆ ಸರಿಯಾಗಿ ಬರೆದಿದ್ದೀರಿ, ಶುಕ್ರಿಯಾ. ಆಫೀಸಿನಲ್ಲಿ ಸ್ನೇಹಿತರು ಪ್ರೀತಿಯಿಂದಲೇ "ನಿಮ್ಮ ಪ್ರವಾದಿ ಬರೆದ ಪುಸ್ತಕ" ಅಂತಾರೆ. ಪ್ರತಿ ಸಲ ತಿದ್ದುವುದು ಹೇಗೆ ಅಂತ ಗೊತ್ತಾಗುವುದಿಲ್ಲ. ನೀವು ಹೇಳಿದ ದುಡಿಮೆಯ ಮಾತು ಇಲ್ಲಿಗೆ ಹೊಂದುತ್ತದಾ?

ಉತ್ತರ: ಚೆನ್ನಾಗಿ ಹೊಂದುತ್ತದೆ. ಸ್ನೇಹಿತರಿಗೆ ಜೈದ್ ಇಬ್ನ್ ಸಾಬಿತರ ಕಥೆ ಹೇಳಿ. ಪ್ರವಾದಿಯವರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಲಿಪಿಕಾರರಲ್ಲಿ ಅವರೂ ಒಬ್ಬರು. ಪ್ರವಾದಿಯವರು ತೀರಿಕೊಂಡ ಮೇಲೆ ಯಮಾಮಾ ಯುದ್ಧದಲ್ಲಿ ಕುರಾನ್ ಬಾಯಿಪಾಠ ಇದ್ದ ಹಲವರು ಮಡಿದರು. ಹೀಗೇ ಆದರೆ ಗತಿಯೇನು ಅಂತ ಉಮರ್ ಚಿಂತೆಪಟ್ಟು ಖಲೀಫ ಅಬೂಬಕರ್‌ಗೆ ಹೇಳಿದರು. ಒಟ್ಟುಗೂಡಿಸುವ ಹೊಣೆ ಜೈದರ ಮೇಲೆ ಬಿತ್ತು. ಹದೀಸಿನಲ್ಲಿ ಅವರದೇ ಮಾತಿದೆ: ಒಂದು ಬೆಟ್ಟವನ್ನು ಜಾಗ ಬದಲಿಸು ಅಂದಿದ್ದರೂ ಇಷ್ಟು ಭಾರ ಅನಿಸುತ್ತಿರಲಿಲ್ಲ. ಖರ್ಜೂರದ ಗರಿಯ ದಿಂಡು, ತೆಳುವಾದ ಬಿಳಿಗಲ್ಲು, ಜನರ ಎದೆಯೊಳಗಿನ ನೆನಪು, ಇಷ್ಟೂ ಕಡೆಯಿಂದ ಹುಡುಕಿ ಕೂಡಿಸಿದರು. ಮುಂದೆ ಉಸ್ಮಾನರ ಕಾಲದಲ್ಲಿ ಪ್ರತಿಗಳನ್ನು ಸಿದ್ಧಪಡಿಸಿ ಬೇರೆ ಬೇರೆ ಪ್ರಾಂತಗಳಿಗೆ ಕಳಿಸಿದಾಗಲೂ ಜೈದ್ ಆ ಕೆಲಸದಲ್ಲಿದ್ದರು.

ಪದ ಅಲ್ಲಾಹನದು ಅಂತ ನಂಬಿದ್ದರಿಂದಲೇ ಅವರಿಗೆ ಅದು ಬೆಟ್ಟಕ್ಕಿಂತ ಭಾರ ಅನಿಸಿದ್ದು. ಒಂದಕ್ಷರ ಹೆಚ್ಚುಕಡಿಮೆ ಆದರೆ ಯಾರಿಗೆ ಉತ್ತರ ಹೇಳಬೇಕು ಅನ್ನುವ ಭಯ. ನಮ್ಮ ವೃತ್ತಿಯಲ್ಲಿ ಇರುವವರಿಗೆ ಆ ಮಾತು ಓದಿದಾಗ ಬೆನ್ನು ನೆಟ್ಟಗಾಗುತ್ತದೆ. ಇನ್ನು "ಕಾವ್ಯದ ಹಾಗಿದೆ" ಅನ್ನುವ ಸ್ನೇಹಿತರಿಗೆ, ಇದು ಕವಿಯ ಮಾತಲ್ಲ ಅಂತ ಕುರಾನೇ 69ನೇ ಅಧ್ಯಾಯದಲ್ಲಿ ಹೇಳಿದೆ ಅಂತ ತಿಳಿಸಿ.

ಪ್ರಶ್ನೆ (ಗಿರಿನಗರದಿಂದ): ಗಣಪತಿ ದಂತ ಮುರಿದುಕೊಂಡು ಮಹಾಭಾರತ ಬರೆದದ್ದು ಮೂಲದಲ್ಲಿ ಇಲ್ಲವಂತೆ, ನಿಜವೇ?

ಉತ್ತರ: ಪುಣೆಯ ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ ನೂರಾರು ಹಸ್ತಪ್ರತಿ ಹೋಲಿಸಿ ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿಯಲ್ಲಿ ಗಣಪತಿ ಬರೆದುಕೊಂಡ ಪ್ರಸಂಗವನ್ನು ಮುಖ್ಯ ಪಾಠದಿಂದ ತೆಗೆದು ಅನುಬಂಧದಲ್ಲಿ ಇಟ್ಟಿದ್ದಾರೆ. ಎಲ್ಲ ಪ್ರತಿಗಳಲ್ಲೂ ಅದು ಸಿಗದಿದ್ದುದೇ ಕಾರಣ. ಆದರೂ ಕಥೆ ನನಗೆ ಇಷ್ಟ. ನೀವು ನಿಲ್ಲಿಸದೆ ಹೇಳಬೇಕು ಅಂತ ಗಣಪತಿಯ ಷರತ್ತು, ಅರ್ಥ ಆಗದೆ ಬರೆಯಬಾರದು ಅಂತ ವ್ಯಾಸರ ಷರತ್ತು. ದೇವರೇ ಲಿಪಿಕಾರನಾದರೂ ಅರ್ಥ ಮಾಡಿಕೊಂಡು ಬರಿ ಅಂದರು ನೋಡಿ.

ಪ್ರಶ್ನೆ (ಕುಕ್ ಟೌನ್‌ನಿಂದ, ಸಂಡೇ ಸ್ಕೂಲ್ ಟೀಚರ್): ಮೇಡಂ, ನಮ್ಮ ಸಭೆಯಲ್ಲಿ ಕೆಲವರು ದೇವರು ಪ್ರತಿ ಅಕ್ಷರವನ್ನೂ ಹೇಳಿಕೊಟ್ಟು ಬರೆಸಿದ ಅನ್ನುತ್ತಾರೆ. ಮಕ್ಕಳು ಕೇಳುತ್ತಾರೆ, ಹಾಗಾದರೆ ನಾಲ್ಕು ಸುವಾರ್ತೆಗಳು ನಾಲ್ಕು ಥರ ಯಾಕಿವೆ? ನಂಬಿಕೆ ಕದಡದ ಹಾಗೆ ಹೇಗೆ ಹೇಳಲಿ?

ಉತ್ತರ: ಬೈಬಲಿನಲ್ಲಿ ಈ ಪ್ರಶ್ನೆಯನ್ನು ಕೇಳಿರುವ ಒಂದು ಜಾಗ ಇದೆ, ಮಕ್ಕಳಿಗೆ ಅದನ್ನೇ ಓದಿಸಿ. ಯೆರೆಮೀಯನ 36ನೇ ಅಧ್ಯಾಯ. ಪ್ರವಾದಿ ಯೆರೆಮೀಯ ಬಾಯಲ್ಲಿ ಹೇಳುತ್ತಾನೆ, ಬಾರೂಕ ಸುರುಳಿಯಲ್ಲಿ ಬರೆಯುತ್ತಾನೆ. ಸುರುಳಿ ಓದಿಸಿ ಕೇಳಿದ ಅಧಿಕಾರಿಗಳು ಹೆದರಿ ಬಾರೂಕನನ್ನು ವಿಚಾರಿಸುತ್ತಾರೆ: ಇದನ್ನೆಲ್ಲ ಹೇಗೆ ಬರೆದೆ ಹೇಳು, ಅವನು ಹೇಳಿ ಬರೆಸಿದನೋ? ಬಾರೂಕನ ಉತ್ತರ ಎಷ್ಟು ನೇರವಾಗಿದೆ ನೋಡಿ. ಅವನು ಬಾಯಿಂದ ಹೇಳಿದ, ನಾನು ಮಸಿಯಿಂದ ಬರೆದೆ. ಅಷ್ಟೇ.

ಆಮೇಲೆ ಸುರುಳಿ ರಾಜ ಯೆಹೋಯಾಕೀಮನ ಮುಂದೆ ಹೋಗುತ್ತದೆ. ಚಳಿಗಾಲ, ಮುಂದೆ ಅಗ್ಗಿಷ್ಟಿಕೆ ಉರಿಯುತ್ತಿದೆ. ಓದುವವನು ಮೂರು ನಾಲ್ಕು ಅಂಕಣ ಓದುತ್ತಿದ್ದಂತೆ ರಾಜ ಲಿಪಿಕಾರನ ಚೂರಿಯಿಂದ ಅಷ್ಟನ್ನು ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಹೀಗೆ ಕೊನೆಯ ತುಂಡಿನವರೆಗೆ. ದೇವರ ಮಾತು ಬೂದಿಯಾಯಿತು. ಆಗ ಯೆರೆಮೀಯ ಏನು ಮಾಡಿದ? ಇನ್ನೊಂದು ಸುರುಳಿ ತಂದು ಬಾರೂಕನ ಕೈಗೆ ಕೊಟ್ಟ. ಮತ್ತೆ ಹೇಳಿದ, ಅವನು ಮತ್ತೆ ಬರೆದ. ಅಧ್ಯಾಯದ ಕೊನೆಯ ವಾಕ್ಯ ಮಕ್ಕಳಿಗೆ ಎರಡು ಸಲ ಓದಿ ಹೇಳಿ: ಸುಟ್ಟುಹೋದ ಮಾತುಗಳ ಜೊತೆಗೆ ಅಂಥವೇ ಇನ್ನೂ ಅನೇಕ ಮಾತುಗಳನ್ನು ಸೇರಿಸಲಾಯಿತು. ಎರಡನೇ ಪ್ರತಿ ಮೊದಲನೆಯದರ ನಕಲಾಗಿರಲಿಲ್ಲ ಅನ್ನುವುದನ್ನು ಗ್ರಂಥ ತಾನೇ ಹೇಳುತ್ತಿದೆ. ಅದರಿಂದ ದೈವಿಕತೆಗೆ ಕುಂದು ಬಂತು ಅಂತ ಬರೆದವನಿಗೆ ಅನಿಸಿಲ್ಲ.

ಹೊಸ ಒಡಂಬಡಿಕೆಯಲ್ಲೂ ಹಾಗೇ. ಲೂಕ ಮೊದಲ ವಾಕ್ಯಗಳಲ್ಲೇ, ಅನೇಕರು ಈ ಚರಿತ್ರೆ ಬರೆಯಲು ಕೈಹಾಕಿದ್ದಾರೆ, ಕಣ್ಣಾರೆ ಕಂಡವರಿಂದ ಬಂದದ್ದನ್ನು ನಾನೂ ಮೊದಲಿಂದ ಚೆನ್ನಾಗಿ ವಿಚಾರಿಸಿ ಕ್ರಮವಾಗಿ ಬರೆಯುತ್ತಿದ್ದೇನೆ ಅಂತ ಥೆಯೊಫಿಲನಿಗೆ ತಿಳಿಸುತ್ತಾನೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲ ಒಂದು ಕಡೆ ಇದು ಕರ್ತನ ಮಾತಲ್ಲ, ನನ್ನ ಮಾತು ಅಂತ ಬಿಡಿಸಿ ಹೇಳುತ್ತಾನೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಗೆ "ಈ ಪತ್ರ ಬರೆದ ತೆರ್ತ್ಯನೆಂಬ ನಾನು ನಿಮ್ಮನ್ನು ವಂದಿಸುತ್ತೇನೆ" ಅಂತ ಲಿಪಿಕಾರ ಒಂದು ಸಾಲು ಸೇರಿಸಿದ್ದಾನೆ. ತಿಮೊಥೆಯನಿಗೆ ಬರೆದ ಎರಡನೇ ಪತ್ರ ಎತ್ತಿಕೊಳ್ಳಿ. ಶಾಸ್ತ್ರವೆಲ್ಲ ದೈವಪ್ರೇರಿತ ಅನ್ನುವ ಪ್ರಸಿದ್ಧ ವಾಕ್ಯ 3ನೇ ಅಧ್ಯಾಯದಲ್ಲಿದೆ. ಮುಂದಿನ ಅಧ್ಯಾಯದಲ್ಲೇ, ತ್ರೋವದಲ್ಲಿ ಬಿಟ್ಟುಬಂದ ನನ್ನ ಮೇಲಂಗಿಯನ್ನೂ ಪುಸ್ತಕಗಳನ್ನೂ, ಮುಖ್ಯವಾಗಿ ಚರ್ಮದ ಕಾಗದಗಳನ್ನೂ ತೆಗೆದುಕೊಂಡು ಬಾ ಅಂತಿದೆ. ದೈವಪ್ರೇರಣೆಯ ವಾಕ್ಯವೂ ಚಳಿಗೆ ಅಂಗಿ ಬೇಕು ಅನ್ನುವ ವಾಕ್ಯವೂ ಒಂದೇ ಪತ್ರದಲ್ಲಿವೆ.

ಕೆಥೋಲಿಕ್ ಸಭೆಯಂತೂ 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ದೇವರು ಆರಿಸಿಕೊಂಡ ಮನುಷ್ಯರು ತಮ್ಮ ಶಕ್ತಿ ಸಾಮರ್ಥ್ಯ ಬಳಸಿ ನಿಜವಾದ ಲೇಖಕರಾಗಿಯೇ ಬರೆದರು ಅಂತ ಸ್ಪಷ್ಟಪಡಿಸಿತು. ಅಕ್ಷರ ಅಕ್ಷರವೂ ದೇವರು ಹೇಳಿಕೊಟ್ಟದ್ದು ಅನ್ನುವವರ ಭಕ್ತಿಯನ್ನು ನಾನು ಗೌರವಿಸುತ್ತೇನೆ. ಆದರೆ ಮಕ್ಕಳಿಗೆ ನಾಲ್ಕು ಸುವಾರ್ತೆಯ ನಾಲ್ಕು ದನಿ ಕೇಳಿಸಿದೆ. ಅದನ್ನು ಇಲ್ಲ ಅನ್ನಬೇಡಿ.

ಪ್ರಶ್ನೆ (ರಾಜಾಜಿನಗರದಿಂದ, ಇಂಜಿನಿಯರಿಂಗ್ ವಿದ್ಯಾರ್ಥಿ): ಮೇಡಂ, ನೇರವಾಗಿ ಕೇಳ್ತೀನಿ, ಕ್ಷಮಿಸಿ. ನೀವೇ ಹಸ್ತಪ್ರತಿಗಳಲ್ಲಿ ತಪ್ಪು, ಪಾಠಾಂತರ, ಪ್ರಕ್ಷಿಪ್ತ (ಆಮೇಲೆ ಯಾರೋ ಸೇರಿಸಿದ್ದು) ಎಲ್ಲ ನೋಡಿದ್ದೀರಿ. ಹಾಗಿದ್ದ ಮೇಲೆ ದೈವಪ್ರೇರಣೆ ಅನ್ನೋದು ಸುಳ್ಳು ಅಂತ ನಿಮಗೇ ಗೊತ್ತಿರಬೇಕಲ್ವಾ?

ಉತ್ತರ: ಕ್ಷಮೆ ಯಾಕಪ್ಪ, ಕೇಳಬೇಕಾದ ಪ್ರಶ್ನೆಯೇ ಇದು. ತಪ್ಪುಗಳು ಇವೆ, ಬೇಕಾದಷ್ಟಿವೆ. ಒಂದು ಗರಿಯನ್ನು ಹತ್ತಿರದಿಂದ ತೋರಿಸುತ್ತೇನೆ. ಕಬ್ಬಿಣದ ಕಂಠದಿಂದ, ಅಂದರೆ ಮೊನಚಾದ ಲೇಖನಿಯಿಂದ, ಗರಿಯ ಮೇಲೆ ಗೀರಿ ಬರೆಯುತ್ತಾರೆ. ಆಗ ಅಕ್ಷರ ಕಾಣುವುದೇ ಇಲ್ಲ, ಬರೀ ಗೀರು. ಆಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನೊಳಗೆ ಕಪ್ಪು ನಿಂತು ಅಕ್ಷರ ಏಳುತ್ತದೆ. ಹಳೆಯ ಕನ್ನಡ ಪ್ರತಿಗಳಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಎ ಮತ್ತು ಏ, ಒ ಮತ್ತು ಓ ವ್ಯತ್ಯಾಸ ತೋರಿಸುವುದಿಲ್ಲ, ಪ ಮತ್ತು ವ ಒಂದರಂತೆ ಇನ್ನೊಂದು ಕಾಣುತ್ತವೆ. ಮೇಲಿನ ಸಾಲಲ್ಲೂ ಕೆಳಗಿನ ಸಾಲಲ್ಲೂ ಒಂದೇ ಪದ ಬಂದರೆ ಲಿಪಿಕಾರನ ಕಣ್ಣು ಒಂದರಿಂದ ಇನ್ನೊಂದಕ್ಕೆ ಹಾರುತ್ತದೆ, ನಡುವಿನದು ಬಿಟ್ಟುಹೋಗುತ್ತದೆ. ಗೀರಿದ್ದನ್ನು ಅಳಿಸಲು ಬರುವುದಿಲ್ಲ. ಬಿಟ್ಟ ಅಕ್ಷರ ನೆನಪಾದರೆ ಹಂಸಪಾದ ಅನ್ನುವ ಗುರುತು ಹಾಕಿ ಅಂಚಿನಲ್ಲಿ ಬರೆಯುತ್ತಾನೆ. ಆ ಹಂಸಪಾದ ಕಂಡಾಗೆಲ್ಲ ನನಗೆ ಅವನ ಮೇಲೆ ಗೌರವ ಹೆಚ್ಚುತ್ತದೆ. ಬರೆದದ್ದನ್ನು ಇನ್ನೊಮ್ಮೆ ಓದಿ ಹೋಲಿಸಿದ್ದಾನೆ ಅಂತ ತಾನೆ ಅರ್ಥ.

ಕಟ್ಟಿನ ಕೊನೆಯ ಗರಿಯಲ್ಲಿ ಸಾಮಾನ್ಯವಾಗಿ ಒಂದು ಶ್ಲೋಕ ಇರುತ್ತದೆ. "ಭಗ್ನಪೃಷ್ಠಕಟಿಗ್ರೀವಃ ಸ್ತಬ್ಧದೃಷ್ಟಿರಧೋಮುಖಃ, ಕಷ್ಟೇನ ಲಿಖಿತಂ ಗ್ರಂಥಂ ಯತ್ನೇನ ಪರಿಪಾಲಯೇತ್". ಬೆನ್ನು, ಸೊಂಟ, ಕತ್ತು ಮುರಿದು, ಕಣ್ಣು ನೆಟ್ಟು, ತಲೆ ತಗ್ಗಿಸಿ ಕಷ್ಟದಿಂದ ಬರೆದ ಗ್ರಂಥ, ಜತನದಿಂದ ಕಾಪಾಡಿ. ಇನ್ನೊಂದು, ಎಂಥ ಪುಸ್ತಕ ಕಂಡೆನೋ ಅಂಥದನ್ನೇ ಬರೆದಿದ್ದೇನೆ, ಶುದ್ಧವೋ ಅಶುದ್ಧವೋ ನನಗೆ ದೋಷ ಹೊರಿಸಬೇಡಿ ಅಂತ.

ಇದೆಲ್ಲ ಆಧುನಿಕ ವಿದ್ವಾಂಸರು ಕಂಡುಹಿಡಿದದ್ದು ಅಂತ ತಿಳಿಯಬೇಡ. 13ನೇ ಶತಮಾನದಲ್ಲಿ ನಮ್ಮ ಉಡುಪಿಯ ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ 2ನೇ ಅಧ್ಯಾಯದಲ್ಲಿ ಹೇಳಿದ್ದಾರೆ: "ಕ್ವಚಿದ್ ಗ್ರಂಥಾನ್ ಪ್ರಕ್ಷಿಪಂತಿ". ಕೆಲವು ಕಡೆ ಹೊಸದನ್ನು ಸೇರಿಸುತ್ತಾರೆ, ಕೆಲವು ಕಡೆ ಬಿಡುತ್ತಾರೆ, ಕೆಲವು ಕಡೆ ಹಿಂದುಮುಂದು ಮಾಡುತ್ತಾರೆ, ಕೆಲವು ಕಡೆ ಪ್ರಮಾದದಿಂದ ಬೇರೆಯೇ ಮಾಡುತ್ತಾರೆ. ವ್ಯಾಸರನ್ನು ಸಾಕ್ಷಾತ್ ನಾರಾಯಣ ಅಂತ ನಂಬಿದ ಆಚಾರ್ಯರು ಅವರು. ಅಷ್ಟು ಗಾಢವಾಗಿ ನಂಬಿದವರೇ ಪಾಠ ಕೆಟ್ಟಿರುವುದನ್ನು ಅಷ್ಟು ಬಿಚ್ಚಿ ಹೇಳಿದರು. ನಂಬಿದ್ದರಿಂದಲೇ ಶುದ್ಧ ಪಾಠ ಹುಡುಕಿದರು.

ಲಿಪಿಕಾರ ಏನು ಮಾಡಿದ, ಯಾವ ಪ್ರತಿ ಯಾವುದರಿಂದ ಇಳಿದು ಬಂತು, ಅದನ್ನು ಹಸ್ತಪ್ರತಿ ಹೇಳುತ್ತದೆ. ಮೊದಲು ಹೇಳಿದವನ ಎದೆಯಲ್ಲಿ ಏನಾಯಿತು ಅನ್ನುವುದು ಗರಿಯ ಮೇಲೆ ಇರುವುದಿಲ್ಲ. ನನ್ನ ವಿದ್ಯೆಯಿಂದ ದೈವಪ್ರೇರಣೆಯನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು. ಸಂಪಾದಕಿಯಾಗಿ ನಾನು ನಿಲ್ಲುವುದು ಅಲ್ಲೇ. ನನ್ನ ಸ್ವಂತ ನಂಬಿಕೆ ಕೇಳಿದರೆ, ಇದೆ ಅಂತಲೇ ಹೇಳುತ್ತೇನೆ.

ವಿದ್ಯಾರ್ಥಿ: ಮಧ್ವಾಚಾರ್ಯರ ಆ ಮಾತು ಗೊತ್ತಿರಲಿಲ್ಲ. ಥ್ಯಾಂಕ್ಸ್ ಮೇಡಂ.

ಪ್ರಶ್ನೆ (ಹನುಮಂತನಗರದಿಂದ): ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ತಾಳೆಗರಿ ಕಟ್ಟು ಇದೆ. ಸರಸ್ವತಿ ಪೂಜೆಯ ದಿನ ಅರಿಶಿನ ಕುಂಕುಮ ಹಾಕುತ್ತೇವೆ. ಯಾವ ಗ್ರಂಥ ಅಂತ ಯಾರಿಗೂ ಗೊತ್ತಿಲ್ಲ. ಬಿಚ್ಚಬಹುದಾ?

ಉತ್ತರ: ಬಿಚ್ಚಿ, ಆದರೆ ನಿಧಾನವಾಗಿ. ಅಂಟಿಕೊಂಡಿರುವ ಗರಿಗಳನ್ನು ಎಳೆಯಬೇಡಿ. ಒದ್ದೆ ಬಟ್ಟೆ ಮುಟ್ಟಿಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ಲ್ಯಾಮಿನೇಷನ್ ಅಂತೂ ಖಂಡಿತ ಬೇಡ. ಅರಿಶಿನ ಕುಂಕುಮ ಮೇಲಿನ ಹಲಗೆಗೆ ಹಾಕಿ, ಗರಿಗೆ ತಾಗದಿರಲಿ. ಪ್ರತಿ ಗರಿಯ ಎರಡೂ ಬದಿ ಕ್ರಮ ತಪ್ಪದಂತೆ ಮೊಬೈಲಿನಲ್ಲಿ ಫೋಟೊ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ ಇಡಿ. ಮೊದಲ ಗರಿ, ಕೊನೆಯ ಗರಿ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.

ಪ್ರಶ್ನೆ (ಯಲಹಂಕದಿಂದ): ಮೇಡಂ, ನಮ್ಮ ದೊಡ್ಡಪ್ಪ ಬೆಳಗಿನ ಜಾವ ಎದ್ದು ಭಾಮಿನಿ ಷಟ್ಪದಿಯಲ್ಲಿ ದೇವಿಯ ಮೇಲೆ ಪದ್ಯ ಬರೆಯುತ್ತಾರೆ. ಕೂತರೆ ಸರಾಗ ಬರುತ್ತದೆ. "ನಾನೆಲ್ಲಿ ಬರೆದೆ, ಅಮ್ಮ ಬರೆಸುತ್ತಾಳೆ" ಅನ್ನುತ್ತಾರೆ. ಪುಸ್ತಕ ಮಾಡಬೇಕು ಅಂತಿದ್ದೇವೆ. ಕವಿಯ ಹೆಸರು ಬೇಡ, ದೇವಿಯೇ ಬರೆದದ್ದು ಅಂತ ಹಾಕಿ ಅನ್ನುತ್ತಾರೆ. ಕೆಲವು ಕಡೆ ಮಾತ್ರೆ ತಪ್ಪಿದೆ, ತಿದ್ದಲು ಬಿಡುತ್ತಿಲ್ಲ. ಮನೆಯಲ್ಲಿ ಎರಡು ಪಕ್ಷ ಆಗಿದೆ.

ಉತ್ತರ: ದೊಡ್ಡಪ್ಪನವರ ಅನುಭವವನ್ನು ಮನೆಯವರು ಹಗುರವಾಗಿ ತೆಗೆದುಕೊಳ್ಳಬಾರದು, ಅದು ಮೊದಲ ಮಾತು. ಅವರು ಹೇಳುತ್ತಿರುವುದನ್ನು ಕನ್ನಡದ ದೊಡ್ಡ ಕವಿಗಳು ಹೇಳಿದ್ದಾರೆ. "ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ". ಗದುಗಿನ ದೇವಸ್ಥಾನದಲ್ಲಿ ಮಿಂದು ಒದ್ದೆಬಟ್ಟೆಯಲ್ಲಿ ಕಂಬಕ್ಕೆ ಒರಗಿ ಕೂತರೆ ಬಟ್ಟೆ ಆರುವವರೆಗೂ ಕಾವ್ಯ ಹರಿಯುತ್ತಿತ್ತು ಅನ್ನುವ ಐತಿಹ್ಯ ಇದೆ. ಆ ಕಂಬವನ್ನು ಇವತ್ತಿಗೂ ತೋರಿಸುತ್ತಾರೆ. ಬಸವಣ್ಣನವರು ಇನ್ನೂ ಮುಂದೆ ಹೋದರು. "ಎನ್ನ ಕಾಯವ ದಂಡಿಗೆಯ ಮಾಡಯ್ಯಾ, ಎನ್ನ ಶಿರವ ಸೋರೆಯ ಮಾಡಯ್ಯಾ, ಎನ್ನ ನರವ ತಂತಿಯ ಮಾಡಯ್ಯಾ". ಬಾರಿಸುವವನು ಕೂಡಲಸಂಗಮದೇವ, ತಾನು ವಾದ್ಯ. ಅದೇ ಬಸವಣ್ಣ ಮತ್ತೊಂದು ವಚನದಲ್ಲಿ ತಾಳಮಾನ ಅರಿಯೆ, "ಆನು ಒಲಿದಂತೆ ಹಾಡುವೆ" ಅನ್ನುತ್ತಾರೆ. ಆ 'ಆನು' ಎಲ್ಲೂ ಅಳಿಸಿಹೋಗಿಲ್ಲ.

ದೊಡ್ಡಪ್ಪನವರಿಗೆ ಕುಮಾರವ್ಯಾಸನ ಇನ್ನೊಂದು ಪದ್ಯ ಓದಿ ಹೇಳಿ. "ಹಲಗೆ ಬಳಪವ ಪಿಡಿಯದೊಂದಗ್ಗಳಿಕೆ, ಪದವಿಟ್ಟಳುಪದೊಂದಗ್ಗಳಿಕೆ". ಹಲಗೆಯ ಮೇಲೆ ಕರಡು ಬರೆಯಲಿಲ್ಲ, ಇಟ್ಟ ಪದ ಅಳಿಸಲಿಲ್ಲ, ಗರಿಯ ಮೇಲೆ ಕಂಠದ ಸದ್ದು ನಿಲ್ಲಲಿಲ್ಲ. ಇಷ್ಟು ಹೇಳಿ, ಈ ಬಲ ವೀರನಾರಾಯಣನ ಕಿಂಕರನದು ಅಂತ ಮುಗಿಸುತ್ತಾನೆ. ದೇವರೇ ಕವಿ ಅಂದವನೇ ತನ್ನ ಕಸುಬಿನ ಬಗ್ಗೆ ಎಷ್ಟು ಅಭಿಮಾನ ಇಟ್ಟುಕೊಂಡಿದ್ದ! ಅವನು ಅಳಿಸದೆ ಬರೆದದ್ದು ಷಟ್ಪದಿ ಅವನ ಕಿವಿಯೊಳಗೆ ಕೂತಿದ್ದರಿಂದ.

ಮಾತ್ರೆ ತಿದ್ದುವ ಕೆಲಸ ನೀವು ಮಾಡಬೇಡಿ, ಅವರಿಂದಲೇ ಆಗಲಿ. ಭಾಮಿನಿಯ 1, 2, 4, 5ನೇ ಸಾಲು ಮೂರು ನಾಲ್ಕರ ಗಣಗಳಲ್ಲಿ 14 ಮಾತ್ರೆ, 3 ಮತ್ತು 6ನೇ ಸಾಲು 21 ಮಾತ್ರೆಯ ಮೇಲೆ ಒಂದು ಗುರು. ಕಾಗದದ ಮೇಲೆ ಎಣಿಸಿ ತೋರಿಸಿದರೆ ಅವರಿಗೆ ನೋವಾಗುತ್ತದೆ. ಪರಿಚಯದ ಗಮಕಿಗಳು ಯಾರಾದರೂ ಇದ್ದರೆ ಕರೆದು ರಾಗವಾಗಿ ಹಾಡಿಸಿ. ಎಡವುವ ಜಾಗ ಅವರ ಕಿವಿಗೇ ಗೊತ್ತಾಗುತ್ತದೆ. ಕಿವಿಗೆ ಗೊತ್ತಾದ ಮೇಲೆ ಸರಿಯಾದ ಪದವನ್ನೂ ಅಮ್ಮನೇ ಕೊಟ್ಟಳು ಅಂತ ಅವರು ಹೇಳಿದರೆ ಹೇಳಲಿ, ನಾನಂತೂ ಒಪ್ಪುತ್ತೇನೆ. ಮೂಲ ನೋಟ್‌ಬುಕ್ಕನ್ನು ಮಾತ್ರ ತಿದ್ದದೆ, ತಾರೀಖು ಸಮೇತ ಹಾಗೇ ಎತ್ತಿಡಿ.

ಹೆಸರಿನ ಜಗಳಕ್ಕೆ ದಾರಿ ನಮ್ಮಲ್ಲೇ ಇದೆ. ವಚನಕಾರರೂ ದಾಸರೂ ಅಂಕಿತದಲ್ಲಿ ಇಟ್ಟದ್ದು ಇಷ್ಟದೈವದ ಹೆಸರು. ಹಾಡು ಮುಗಿಯುವುದು ಪುರಂದರ ವಿಠಲನ ಹೆಸರಿನಲ್ಲಿ, ಹಾಡಿದವರು ಪುರಂದರದಾಸರು ಅಂತಲೂ ಎಲ್ಲರಿಗೂ ಗೊತ್ತು. ಪ್ರತಿ ಸಂಧಿಯ ಕೊನೆಯ ಪದ್ಯದಲ್ಲಿ ದೇವಿಯ ಅಂಕಿತ ಬರಲಿ. ಅಮ್ಮ ಬರೆಸಿದಳು ಅನ್ನುವುದನ್ನು ಒಳಪುಟದಲ್ಲಿ ದೊಡ್ಡಪ್ಪನವರ ಮಾತಿನಲ್ಲೇ ಅಚ್ಚು ಮಾಡಿ. ಮುಖಪುಟದ ಮೇಲೆ ಅವರ ಹೆಸರಿರಲಿ, ಓದಿದವರು ಪ್ರಶ್ನೆ ಕೇಳಬೇಕಾದರೆ ಉತ್ತರ ಕೊಡಲು ಒಬ್ಬ ಮನುಷ್ಯ ಬೇಕು. ದೈವಕೃತಿ ಹೌದೋ ಅಲ್ಲವೋ ಅನ್ನುವುದನ್ನು ಮುಖಪುಟದಲ್ಲಿ ಅಚ್ಚು ಹಾಕಿ ತೀರ್ಮಾನಿಸಲು ಬರುವುದಿಲ್ಲ, ಹಾಡಿಕೊಳ್ಳುವ ಜನ ತಲೆಮಾರುಗಳಲ್ಲಿ ತೀರ್ಮಾನಿಸುತ್ತಾರೆ.

ಮೊದಲ ಹತ್ತು ಪದ್ಯ ಇಲ್ಲಿ ಕಳಿಸಿ. ಅಚ್ಚಿಗೆ ಕೊಡುವ ಮುಂಚೆ ಒಮ್ಮೆ ಓದುತ್ತೇನೆ.